ನೀರು ಹದಕ್ಕೆ ಬರುವವರೆಗೆ

ಪಡಸಾಲೆಯಲ್ಲಿ ಗಾಜಿನ ಮೀನುತೊಟ್ಟಿಯೊಂದನ್ನು ಇರಿಸಿಕೊಳ್ಳುವ ಅಭಿರುಚಿ ನಮ್ಮ ಕುವೆಂಪುನಗರದ ಮನೆಗಳಲ್ಲಿ ಚೆನ್ನಾಗಿಯೇ ಬೇರೂರಿದೆ. ಮಕ್ಕಳ ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ ಅದು ಉಡುಗೊರೆಯಾಗಿಯೂ ಬರುತ್ತದೆ. ಅಂಗಡಿಯವರು ತೊಟ್ಟಿ, ಬಣ್ಣದ ಕಲ್ಲು, ಗಾಳಿಯ ಪಂಪು, ಎಂಟು ಹತ್ತು ಮೀನು ಇವೆಲ್ಲವನ್ನೂ ಒಂದೇ ದಿನ ಕಟ್ಟಿಕೊಡುತ್ತಾರೆ. ಸಂಜೆ ದೀಪ ಹಾಕಿದರೆ ಮನೆಗೆ ಶೋಭೆ. ಮೂರು ನಾಲ್ಕು ದಿನ ಕಳೆಯುತ್ತಲೇ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡತೊಡಗುತ್ತವೆ. ವಾರ ತುಂಬುವುದರೊಳಗೆ ಒಂದು ಸಾಯುತ್ತದೆ, ಹತ್ತು ದಿನಕ್ಕೆ ನಾಲ್ಕು. ಮಗು ಅಳುತ್ತದೆ. ಹಿರಿಯರು ನೀರನ್ನೆಲ್ಲ ಚೆಲ್ಲಿ, ತೊಟ್ಟಿಯನ್ನು ಉಜ್ಜಿ ತೊಳೆದು, ಹೊಸ ಮೀನು ತರುತ್ತಾರೆ. ಅವೂ ಅದೇ ದಾರಿ ಹಿಡಿಯುತ್ತವೆ. ಕೊನೆಗೆ ತೊಟ್ಟಿ ಅಟ್ಟ ಸೇರುತ್ತದೆ.

ಮಠದಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿ ಬಂದ ನನ್ನಂಥವನು ಮೀನುತೊಟ್ಟಿಯ ಕುರಿತು ಬರೆಯುವುದು ಓದುಗ ಬಂಧುಗಳಿಗೆ ವಿಚಿತ್ರವೆನಿಸಬಹುದು. ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಮೀನಲ್ಲ, ಒಂದು ನಿಶ್ಚಿತಾರ್ಥ.

ನಮ್ಮ ಬೀದಿಯಲ್ಲೇ ಇರುವ, ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಬಂಧುಗಳೊಬ್ಬರ ಮನೆಗೆ ಸಂಕ್ರಾಂತಿಯ ಆಸುಪಾಸಿನಲ್ಲಿ ಹೊಸ ತೊಟ್ಟಿ ಬಂತು. ಎಂಟು ಮೀನುಗಳು ಅದರೊಡನೆಯೇ ಬಂದವು. ಒಂಬತ್ತು ದಿನಗಳಲ್ಲಿ ಆರು ಸತ್ತವು. ಮಗಳ ನಿಶ್ಚಿತಾರ್ಥ ಮಾಘಮಾಸದಲ್ಲಿ ನಡೆಯಬೇಕಿತ್ತು. ಮನೆಯ ಕೆಡುಕನ್ನು ಮೀನು ತನ್ನ ಮೇಲೆ ಹೇರಿಕೊಂಡು ಪ್ರಾಣ ಬಿಡುತ್ತದೆ ಎಂಬ ಮಾತು ಈಗ ಎಲ್ಲೆಡೆ ಹಬ್ಬಿದೆಯಷ್ಟೆ. ಒಂದು ಸತ್ತಾಗ ಅವರು, ಹೋಗಲಿ, ಕಂಟಕ ಕಳೆಯಿತು ಎಂದುಕೊಂಡರು. ಆರು ಸತ್ತಾಗ ಅದೇ ಮಾತು ಭಯವಾಗಿ ತಿರುಗಿತು. ವಾಸ್ತು ಹೇಳುವವರೊಬ್ಬರು ಬಂದು ತೊಟ್ಟಿಯನ್ನು ಈಶಾನ್ಯಕ್ಕೆ ಸರಿಸಬೇಕೆಂದರು. ಸರಿಸಿದ್ದಾಯಿತು; ಕಲ್ಲುಗಳನ್ನು ಕುದಿಯುವ ನೀರಿನಲ್ಲಿ ತೊಳೆದದ್ದೂ ಆಯಿತು. ಮತ್ತೆ ತಂದ ಐದರಲ್ಲಿ ಮೂರು ಸತ್ತವು. ಆ ದಂಪತಿಗಳು ಒಂದು ಸಂಜೆ ನಮ್ಮ ಮನೆಗೆ ಬಂದು ಕುಳಿತರು.

"ಗುರುಗಳೇ, ಇದನ್ನ ಶಕುನ ಅಂತ ತಿಳೀಬೇಕೋ ಬೇಡವೋ ಹೇಳಿ. ಬೀಗರ ಮನೆಯವರಿಗೆ ದಿನ ಮುಂದಕ್ಕೆ ಹಾಕೋಣ ಅಂತ ಹೇಳಿಬಿಡೋಣವೇ?" ಎಂದು ಅವರು ಕೇಳಿದರು. ತಾಯಿಯ ಕಣ್ಣಿನಲ್ಲಿ ನೀರಿತ್ತು. ಒಳಗಿನ ಕೋಣೆಯ ಬಾಗಿಲಲ್ಲಿ ನನ್ನಾಕೆ ನಿಂತು ಕೇಳುತ್ತಿದ್ದಳು.

ಗಾಜಿನ ತೊಟ್ಟಿಯ ಮೀನಿನ ಬಗ್ಗೆ ನಾನು ಓದಿದ ಯಾವ ಗ್ರಂಥವೂ ಮಾತನಾಡಿಲ್ಲ. ಶಕುನ, ತಿಥಿ, ಮುಹೂರ್ತಗಳ ಭಯದಿಂದ ಜನರನ್ನು ಬಿಡಿಸಲು ಶರಣರು ಪಟ್ಟ ಪಾಡು ನಮ್ಮ ಸಮಾಜಕ್ಕೆ ಹೊಸದಾಗಿ ಹೇಳಬೇಕಾದ ಸಂಗತಿಯೂ ಅಲ್ಲ. ಆದರೆ ಭಯಪಟ್ಟ ತಾಯಿಗೆ "ಅದು ಮೂಢನಂಬಿಕೆ" ಎಂದು ಹೇಳಿ ಕಳುಹಿಸುವುದು ಉತ್ತರವಾಗುವುದಿಲ್ಲ. ಮೀನು ಸತ್ತಿದೆ; ಸತ್ತದ್ದಕ್ಕೆ ಕಾರಣವಿರಲೇಬೇಕು. ಕಾರಣ ತೋರಿಸದೆ ಭಯವನ್ನು ಮಾತ್ರ ತೆಗೆದುಹಾಕಲು ಬರುವುದಿಲ್ಲ. ನಮ್ಮಿಂದ ಎರಡು ರಸ್ತೆ ಆಚೆ ಜೀವಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರಿದ್ದಾರೆ. ಮರುದಿನ ಅವರನ್ನು ಕರೆದುಕೊಂಡು ಹೋದೆ.

ಅವರು ಜೇಬಿನಿಂದ ತೆಗೆದದ್ದು ಎರಡು ಸಣ್ಣ ಗಾಜಿನ ನಳಿಗೆ, ಕೆಲವು ಹನಿಸೀಸೆ. ತೊಟ್ಟಿಯ ನೀರನ್ನು ನಳಿಗೆಗೆ ತುಂಬಿ ಹನಿಗಳನ್ನು ಹಾಕಿ ಕುಲುಕಿದರು. ಅಮೋನಿಯಾ ಇಲ್ಲದಿದ್ದರೆ ನೀರು ಹಳದಿಯಾಗಿ ಉಳಿಯುತ್ತದೆ, ಇದ್ದಷ್ಟೂ ಹಸುರಾಗುತ್ತದೆ ಎಂದು ಮೊದಲೇ ಹೇಳಿದ್ದರು. ಐದು ನಿಮಿಷದಲ್ಲಿ ನಳಿಗೆಯ ನೀರು ಹೊಂಗೆಯ ಎಲೆಯಂತೆ ಹಸುರಾಯಿತು. ಅದೇ ಹನಿಯನ್ನು ಅವರ ಮನೆಯ ಕುಡಿಯುವ ನೀರಿಗೆ ಹಾಕಿದರು. ಅದು ಹಳದಿಯಾಗಿಯೇ ನಿಂತಿತು. ಎರಡು ನಳಿಗೆಗಳನ್ನೂ ಆ ತಾಯಿ ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು. ನಿಶ್ಚಿತಾರ್ಥ ಗೊತ್ತಾದ ದಿನವೇ ನಡೆಯಿತು. ಆದರೆ ನನ್ನ ತಲೆಯಲ್ಲಿ ಆ ಹಸುರು ಉಳಿದುಕೊಂಡಿತು.

ಮೀನು ತಿಂದ ಆಹಾರದ ಸಾರಜನಕವು ಬಹುಪಾಲು ಅಮೋನಿಯಾ ಆಗಿ ಅದರ ಕಿವಿರುಗಳ ಮೂಲಕವೇ ನೀರಿಗೆ ಬಂದು ಸೇರುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವೂ ಅದನ್ನೇ ಕೊಡುತ್ತವೆ. ನದಿಯಲ್ಲಿ ಅದು ಹರಡಿ ಹೋಗುತ್ತದೆ. ಐವತ್ತು ಲೀಟರಿನ ಪೆಟ್ಟಿಗೆಯಲ್ಲಿ ಹೋಗಲು ದಾರಿಯಿಲ್ಲ. ನೀರು ಸ್ಫಟಿಕದಂತೆ ತಿಳಿಯಾಗಿಯೇ ಕಾಣುತ್ತಿರುತ್ತದೆ, ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ. ಮೀನಿನ ಕಿವಿರು ಮಾತ್ರ ಸುಡುತ್ತಿರುತ್ತದೆ. ಇಲ್ಲಿ ನೀರಿನ ಕ್ಷಾರಗುಣವೂ ಸೇರಿಕೊಳ್ಳುತ್ತದೆ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಒಂದು ಅಷ್ಟೇನೂ ಬಾಧಿಸದು, ಇನ್ನೊಂದು ಘೋರ ವಿಷ. 25 ಡಿಗ್ರಿ ಉಷ್ಣತೆಯ ನೀರಿನಲ್ಲಿ ಪಿಎಚ್ 7 ಇದ್ದಾಗ ಸಾವಿರದಲ್ಲಿ ಸುಮಾರು ಆರು ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಐವತ್ತನ್ನೂ ದಾಟುತ್ತದೆ. 9 ಆದರೆ ಮುನ್ನೂರೈವತ್ತರ ಮೇಲೆ. ನೆರೆಮನೆಯವರು ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆಂದು ಹೆದರಿ ಕೊಳವೆಬಾವಿಯ ಗಡಸು ನೀರನ್ನು ತುಂಬಿದ್ದರು. ಅದರ ಪಿಎಚ್ 8ರ ಮೇಲಿತ್ತು. ಅದೇ ಮೀನು, ಅದೇ ಆಹಾರ. ವಿಷ ಮಾತ್ರ ಸುಮಾರು ಹತ್ತು ಮಡಿ.

ಹಾಗಾದರೆ ವರ್ಷಗಟ್ಟಲೆ ಮೀನು ಬಾಳುವ ತೊಟ್ಟಿಗಳೂ ಇವೆಯಲ್ಲ? ಅಲ್ಲಿ ಅಮೋನಿಯಾವನ್ನು ಉಣ್ಣುವವರು ಇದ್ದಾರೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಒಂದು ಬಳಗ ಅಮೋನಿಯಾವನ್ನು ನೈಟ್ರೈಟಾಗಿ ಮಾರ್ಪಡಿಸುತ್ತದೆ. ನೈಟ್ರೈಟೂ ವಿಷವೇ: ಅದು ಮೀನಿನ ರಕ್ತದ ಕೆಂಪನ್ನು ಕಂದು ಮಾಡಿ, ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕಸಿಯುತ್ತದೆ. ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಉಸಿರು ಕಟ್ಟಿ ಸಾಯುತ್ತದೆ. ಎರಡನೆಯ ಬಳಗ ಆ ನೈಟ್ರೈಟನ್ನು ನೈಟ್ರೇಟಾಗಿ ಮಾಡುತ್ತದೆ. ನೈಟ್ರೇಟು ಮೀನಿಗೆ ಬಹುಮಟ್ಟಿಗೆ ನಿರಪಾಯಕಾರಿ, ಗಿಡಕ್ಕೆ ಆಹಾರ. ಈ ಎರಡು ಬಳಗಗಳೂ ನೆಲೆಯೂರಿದ ತೊಟ್ಟಿಯೇ ಹಳೆಯ ತೊಟ್ಟಿ. ಅಂಗಡಿಯಿಂದ ಬೆಳಿಗ್ಗೆ ತಂದು ಸಂಜೆ ಮೀನು ಬಿಟ್ಟ ತೊಟ್ಟಿಯಲ್ಲಿ ಅವು ಇನ್ನೂ ಹುಟ್ಟಿಯೇ ಇರುವುದಿಲ್ಲ. ಪ್ರತಿಸಲವೂ ಕುದಿನೀರಿನಲ್ಲಿ ಕಲ್ಲು ತೊಳೆಯುವವರು ಒಂದಿಷ್ಟು ನೆಲೆಯೂರಿದ್ದವನ್ನೂ ಕೊಂದು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಮಠದ ದನದ ಕೊಟ್ಟಿಗೆ. ಪ್ರಸಾದನಿಲಯದ ಹುಡುಗರಾದ ನಮಗೆ ವಾರದಲ್ಲಿ ಎರಡು ದಿನ ಕೊಟ್ಟಿಗೆಯ ಕೆಲಸವಿರುತ್ತಿತ್ತು. ಹಸಿ ಸಗಣಿಯನ್ನು ಹೂದೋಟಕ್ಕೆ ಹಾಕಬಾರದು, ಬೇರು ಸುಡುತ್ತದೆ. ತಿಪ್ಪೆಯಲ್ಲಿ ಕೊಳೆತು ಹದವಾದ ಮೇಲೆ ಹಾಕಬೇಕು ಎಂದು ಬುದ್ಧಿಯವರು ಹೇಳುತ್ತಿದ್ದರು. ಕೊಟ್ಟಿಗೆಯ ಹಳೆಯ ಮಣ್ಣಿನ ಗೋಡೆಯ ಬುಡದಲ್ಲಿ ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಹೂತುಕೊಳ್ಳುತ್ತಿತ್ತು. ನಾಲಿಗೆಗೆ ತಣ್ಣಗೆ ತಾಗುತ್ತಿದ್ದ ಆ ಉಪ್ಪನ್ನು ನಾವು ಹುಡುಗರು ಕೆರೆದು ನೆಕ್ಕುತ್ತಿದ್ದೆವು. ಅದೇ ಪೆಟ್ಲುಪ್ಪು. ಗಂಜಲದ ಸಾರಜನಕ ಅಮೋನಿಯಾ ಆಗಿ, ಮಣ್ಣಿನ ಜೀವಿಗಳ ಕೈಯಲ್ಲಿ ನೈಟ್ರೇಟಾಗಿ, ಗೋಡೆಗೆ ಹತ್ತಿ ಒಣಗಿ ನಿಂತದ್ದು. ನಮ್ಮ ದೇಶದ ಹಳ್ಳಿಗಳಲ್ಲಿ ಇಂಥ ಮಣ್ಣನ್ನು ತೊಳೆದು, ಕಾಯಿಸಿ, ಪೆಟ್ಲುಪ್ಪು ತೆಗೆಯುತ್ತಿದ್ದರು. ಮದ್ದಿನ ಪುಡಿಯಲ್ಲಿ ಅದರದೇ ದೊಡ್ಡ ಪಾಲು, ಸುಮಾರು ಮುಕ್ಕಾಲು. ಶ್ರೀರಂಗಪಟ್ಟಣದಿಂದ ಇಂಗ್ಲಿಷರ ಮೇಲೆ ಹಾರಿದ ಕಬ್ಬಿಣದ ಕೊಳವೆಯ ಬಾಣಗಳಿಗೆ ಬಲ ಕೊಟ್ಟದ್ದೂ ಪೆಟ್ಲುಪ್ಪೇ. ಟೀಪುವಿನ ಬಾಣಕ್ಕೂ ಮೊಮ್ಮಗಳ ಮೀನುತೊಟ್ಟಿಗೂ ಒಂದೇ ಕಸುಬಿನವರು ದುಡಿದರೆಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ.

ಈ ಕೆಲಸ ಜೀವಿಗಳದೆಂದು ಲೋಕಕ್ಕೆ ತಿಳಿದದ್ದು 1877ರಲ್ಲಿ. ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿಜ್ಞಾನಿಗಳು ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಊರಿನ ಕೊಳಚೆ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಅಮೋನಿಯಾ ಹೋದದ್ದು ಹಾಗೆಯೇ ಬಂತು. ಆಮೇಲೆ ನೈಟ್ರೇಟು ಕಾಣಿಸಿಕೊಂಡಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯುವ ಅಗತ್ಯವೇನಿತ್ತು? ಕ್ಲೋರೋಫಾರ್ಮಿನ ಆವಿ ಹಾಯಿಸಿದರು, ಕೆಲಸ ನಿಂತುಹೋಯಿತು. ಮಣ್ಣು ತೊಳೆದ ನೀರನ್ನು ಸ್ವಲ್ಪ ಸೇರಿಸಿದರು, ಮತ್ತೆ ಆರಂಭವಾಯಿತು. ಹಾಲಿಗೆ ಹೆಪ್ಪು ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲೊಂದು ಸ್ವಾರಸ್ಯವಿದೆ. ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಹನ್ನೆರಡು ಗ್ಯಾಲನ್ ನೀರಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನು ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ಪಟ್ಟಿಯಂಥ ಎಲೆಯ ನೀರುಗಿಡ ನೆಟ್ಟು, ಕೊಳೆತ ಎಲೆ ತಿನ್ನಲು ಬಸವನಹುಳು ಸೇರಿಸಿ, ನೀರು ಬದಲಿಸದೆಯೇ ಮೀನನ್ನು ಬದುಕಿಸಬಹುದೆಂದು ತೋರಿಸಿ 1850ರಲ್ಲಿ ಬರೆದ. ಗಿಡ ಆಮ್ಲಜನಕ ಕೊಡುತ್ತದೆಂಬುದು ಅವನ ವಿವರಣೆ. ಅದು ಸರಿಯೇ, ಆದರೆ ಪೂರ್ಣವಲ್ಲ. ಅದೇ ಹೆಸರಿನ ಅವನ ಮಗ ಮುಂದೆ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ನೈಟ್ರೇಟನ್ನು ಅಭ್ಯಾಸ ಮಾಡಿ, ಈ ಮಾರ್ಪಾಡು ಎರಡು ಹಂತಗಳಲ್ಲಿ, ಬೇರೆ ಬೇರೆ ಜೀವಿಗಳಿಂದ ನಡೆಯುತ್ತದೆಂದು ಕಂಡುಕೊಂಡ. ತಂದೆಯ ಮೀನುಪಾತ್ರೆಯಲ್ಲಿ ನಡೆಯುತ್ತಿದ್ದುದರ ಉಳಿದರ್ಧ ಮಗನಿಗೆ ಹೊಲದ ಮಣ್ಣಿನಲ್ಲಿ ಸಿಕ್ಕಿತು. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದವನು ರಷ್ಯದ ವಿನೋಗ್ರಾಡ್‌ಸ್ಕಿ; 1890ರ ಸುಮಾರಿಗೆ, ಜ್ಯೂರಿಕ್ ನಗರದಲ್ಲಿ. ಉಳಿದ ಸೂಕ್ಷ್ಮಜೀವಿಗಳಿಗೆ ಹಾಕುವ ಪುಷ್ಟಿಯಾದ ಆಹಾರದಲ್ಲಿ ಇವು ಬೆಳೆಯಲೇ ಇಲ್ಲ. ಅಮೋನಿಯಾ, ಗಾಳಿ, ನೀರು, ಒಂದಿಷ್ಟು ಲವಣ ಇಷ್ಟರಲ್ಲೇ ಇವುಗಳ ಜೀವನ. ಈ ಶಾಸ್ತ್ರ ಅಲ್ಲಿಗೂ ನಿಲ್ಲಲಿಲ್ಲ. ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ಉಣ್ಣುವುದು ಬಹಳ ಕಾಲ ಪುಸ್ತಕಗಳಲ್ಲಿ ಬರೆದಿದ್ದ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ ಎಂದು 1998ರಲ್ಲಿ ತಿಳಿಯಿತು. ಎರಡು ಹಂತಗಳನ್ನೂ ಒಂದೇ ಜೀವಿ ಮಾಡಬಲ್ಲದೆಂದು 2015ರಲ್ಲಿ ಗೊತ್ತಾಯಿತು. ಅದು ಸಿಕ್ಕ ಸ್ಥಳಗಳಲ್ಲಿ ಒಂದು, ಮೀನು ಸಾಕುವ ನೀರಿನ ಸೋಸುಪೆಟ್ಟಿಗೆ.

ಇಷ್ಟನ್ನು ತಿಳಿದುಕೊಳ್ಳುವ ಹೊತ್ತಿಗೆ ನಮ್ಮ ಮನೆಗೂ ತೊಟ್ಟಿ ಬಂದಿತ್ತು. ಹತ್ತು ವರ್ಷದ ಮೊಮ್ಮಗಳು ನೆರೆಮನೆಯ ಹಸುರು ಹಳದಿಯ ಕಥೆ ಕೇಳಿ ಹಟ ಹಿಡಿದಿದ್ದಳು. ನನ್ನಾಕೆಯ ಆಕ್ಷೇಪ ಮಾತ್ರ ಗಂಭೀರವಾಗಿತ್ತು. "ಮೀನು ತಿನ್ನದ ಮನೆ ನಮ್ಮದು. ತಂದು ಸಾಯಿಸೋದಕ್ಕಿಂತ ತಿನ್ನೋರೇ ವಾಸಿ ಅಲ್ಲವೇ? ಸತ್ತರೆ ಆ ಪಾಪ ಯಾರದು?" ಎಂದಳು. ಈ ಪ್ರಶ್ನೆಗೆ ಬಾಯಿಮಾತಿನ ಸಮಾಧಾನ ಸಲ್ಲದು. ಮೊದಲ ಮೀನು ಬರುವ ಮುನ್ನವೇ ನೀರು ಹದಕ್ಕೆ ಬಂದಿರಬೇಕು, ಹದ ಮಾಡುವ ಕೆಲಸಕ್ಕೆ ಒಂದು ಮೀನನ್ನೂ ಒಡ್ಡಬಾರದು ಎಂದು ಮೂವರೂ ಒಪ್ಪಿದೆವು. ಗಟ್ಟಿಮುಟ್ಟಾದ ಅಗ್ಗದ ಮೀನನ್ನು ಮೊದಲು ಬಿಟ್ಟು, ಅದು ಸತ್ತರೆ ಸಾಯಲಿ ಎಂದು ನೀರನ್ನು ಪಳಗಿಸುವ ಪದ್ಧತಿಯೊಂದು ಉಂಟು. ಅದು ನನಗೆ ಸೇರುವುದಿಲ್ಲ.

ಮೀನಿಲ್ಲದೆ ಅಮೋನಿಯಾ ಎಲ್ಲಿಂದ ಬರಬೇಕು? ಹಿಂದೆ ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ ಕಲಾಯಿಯವರನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಹುದು. ಕಾದ ಹಿತ್ತಾಳೆಯ ಪಾತ್ರೆಗೆ ಅವರು ಬಿಳಿಯ ಪುಡಿ ಎರಚಿದಾಗ ಘಾಟು ಹೊಗೆ ಏಳುತ್ತಿತ್ತಲ್ಲ, ಆ ನವಸಾಗರವೇ ಅಮೋನಿಯಂ ಕ್ಲೋರೈಡು. ಆದರೆ ಕಲಾಯಿಯ ಪುಡಿಯಲ್ಲಿ ಬೇರೆ ಲೋಹಗಳ ಕಲ್ಮಷ ಇರಬಹುದಾದ್ದರಿಂದ, ಪ್ರಯೋಗಶಾಲೆಗಳಿಗೆ ಸಾಮಾನು ಒದಗಿಸುವ ಅಂಗಡಿಯಿಂದ ಶುದ್ಧವಾದದ್ದನ್ನು ತಂದೆವು. ನಮ್ಮ ತೊಟ್ಟಿ ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಮತ್ತು ಎತ್ತರ. ಕಲ್ಲು ಹಾಸಿದ ಮೇಲೆ ಹಿಡಿಯುವ ನೀರು ಸುಮಾರು 50 ಲೀಟರು. ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗಬೇಕಾದರೆ ಒಂದು ಗ್ರಾಮಿನ ಮೂರನೆಯ ಒಂದು ಭಾಗ ನವಸಾಗರ ಸಾಕು. ಇದಕ್ಕೆ ಅಕ್ಕಸಾಲಿಗರ ತಕ್ಕಡಿಯೇ ಬೇಕು. ಕೈಯಂದಾಜು ಸಲ್ಲದು, ಹೆಚ್ಚಾದರೆ ಆ ಜೀವಿಗಳೇ ಕುಗ್ಗುತ್ತವೆ. ತೂಕದ ತೊಡಕು ಬೇಡವೆನ್ನುವವರು ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನೇ ಹಾಕಿ ಕೊಳೆಯಲು ಬಿಡಬಹುದು. ನಿಧಾನವಾದರೂ ಆಗುತ್ತದೆ.

ಮೈಸೂರಿನ ನಲ್ಲಿಗಳಿಗೆ ಬರುವ ಕಾವೇರಿ, ಕಬಿನಿಗಳ ನೀರು ಗಡಸಲ್ಲ, ಮೀನಿಗೆ ಒಳ್ಳೆಯದು. ಅದರ ಕ್ಲೋರಿನ್ ಕಳೆಯಬೇಕು, ಏಕೆಂದರೆ ಕ್ಲೋರಿನ್ ಸೇರಿಸುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ಅಗಲಬಾಯಿಯ ಪಾತ್ರೆಯಲ್ಲಿ ಗಾಳಿಯ ಪಂಪು ಇಳಿಬಿಟ್ಟು ಒಂದು ದಿನ ಇಟ್ಟರೆ ಹಾರಿಹೋಗುತ್ತದೆ. ಅವಸರವಿದ್ದರೆ ಹಿಂದೆ ಛಾಯಾಚಿತ್ರಗಾರರು ಬಳಸುತ್ತಿದ್ದ ಹೈಪೋ ಹರಳಿನ ಒಂದೆರಡು ಚೂರು ಸಾಕು. ತೊಟ್ಟಿಯ ಮೂಲೆಯಲ್ಲಿ ಗಾಳಿಯಿಂದ ನಡೆಯುವ ಸ್ಪಂಜಿನ ಫಿಲ್ಟರು. ನಮಗೆ ಬೇಕಾದ ಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದಕ್ಕಿಂತ ಹೆಚ್ಚಾಗಿ ಯಾವುದಾದರೊಂದು ಮೈಗೆ ಅಂಟಿಕೊಂಡೇ ಬಾಳುವುದರಿಂದ, ಸಾವಿರ ರಂಧ್ರಗಳ ಆ ಸ್ಪಂಜೇ ಅವುಗಳ ಊರು.

ಶಿವರಾತ್ರಿ ಕಳೆದ ಮೂರನೆಯ ದಿನ ನವಸಾಗರ ಹಾಕಿದೆವು. ಪಂಚಾಂಗದ ಪಕ್ಕದಲ್ಲೇ ಒಂದು ಪುಸ್ತಕವನ್ನು ನೇತುಹಾಕಿ ಮೊಮ್ಮಗಳು ದಿನವೂ ಬಣ್ಣ ಬರೆದಿಟ್ಟಳು. ಒಂಬತ್ತು ದಿನ ಒಂದೇ ಹಸುರು. "ತಾತ, ಮೀನೇ ಇಲ್ಲದ ತೊಟ್ಟಿಯನ್ನ ಎಲ್ಲರೂ ನಗ್ತಾರೆ" ಎಂದು ಅವಳ ದೂರು. ಬಂದವರು ನಗುತ್ತಲೂ ಇದ್ದರು. ನೀರಿಗೆ ದೀಪ ಹಾಕಿ ಕುಳಿತಿರುವ ಮನೆ ಎಂದು ಒಬ್ಬರು ಹಾಸ್ಯ ಮಾಡಿದರು. ಹತ್ತನೆಯ ದಿನ ಹಸುರು ತುಸು ತಿಳಿಯಾಯಿತು. ಹದಿನಾಲ್ಕನೆಯ ದಿನ ಹಳದಿ. ಹುಡುಗಿ ಕುಣಿದಳು. ಆದರೆ ಎರಡನೆಯ ಸೀಸೆಯ ಹನಿ ಹಾಕಿದಾಗ ನೀರು ಗುಲಾಬಿಯಾಯಿತು, ನೈಟ್ರೈಟು ಬಂದಿತ್ತು. ಹೊಸ ತೊಟ್ಟಿಯಿಟ್ಟ ಅನೇಕರು ದಾರಿ ತಪ್ಪುವುದು ಇಲ್ಲಿಯೇ. ಅಮೋನಿಯಾ ಹೋಯಿತೆಂದು ಮೀನು ತಂದರೆ, ಅದು ಒಂದು ವಿಷದಿಂದ ತಪ್ಪಿಸಿಕೊಂಡು ಇನ್ನೊಂದಕ್ಕೆ ಬೀಳುತ್ತದೆ.

ಎರಡನೆಯ ಬಳಗ ಮೊದಲನೆಯದಕ್ಕಿಂತ ತಡವಾಗಿ ಏಳುತ್ತದೆ, ಅದರ ಅನ್ನ ಸಿದ್ಧವಾಗುವುದೇ ಮೊದಲನೆಯವರ ಕೆಲಸದಿಂದ. ಹಾಲನ್ನು ಮೊಸರು ಮಾಡುವ ಜೀವಿಗಳು ಒಂದು ರಾತ್ರಿಯಲ್ಲಿ ಪಾತ್ರೆಯನ್ನು ತುಂಬಿದರೆ, ಇವು ಇಮ್ಮಡಿಯಾಗಲು ಒಳ್ಳೆಯ ಸ್ಥಿತಿಯಲ್ಲಿಯೂ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೆಗೆದುಕೊಳ್ಳುತ್ತವೆ. ನೀರು ಹಳದಿಗೆ ತಿರುಗಿದಾಗಲೆಲ್ಲ ಮತ್ತೆ ಅಷ್ಟೇ ನವಸಾಗರ ಹಾಕುತ್ತಿದ್ದೆವು, ಇಲ್ಲವಾದರೆ ಬೆಳೆದವು ಉಪವಾಸ ಬೀಳುತ್ತವೆ. ಯುಗಾದಿಯ ದಿನ ನಳಿಗೆಯ ಬಣ್ಣ ಕಡುನೇರಳೆಯಾಗಿತ್ತು. ಮೂವತ್ತಮೂರನೆಯ ದಿನ ಅದು ಇದ್ದಕ್ಕಿದ್ದಂತೆ ಇಳಿಯಿತು. ಮೂವತ್ತೇಳನೆಯ ದಿನ ಸಂಜೆ ನವಸಾಗರ ಹಾಕಿದೆವು. ಮರುದಿನ ಸಂಜೆಗೆ ಅಮೋನಿಯಾವೂ ಇಲ್ಲ, ನೈಟ್ರೈಟೂ ಇಲ್ಲ. ಇಪ್ಪತ್ತನಾಲ್ಕು ಗಂಟೆಯಲ್ಲಿ ಎರಡೂ ಶೂನ್ಯವಾಗುವುದೇ ನೀರು ಹದಕ್ಕೆ ಬಂದ ಗುರುತು. ಶೇಖರವಾಗಿದ್ದ ನೈಟ್ರೇಟು ಇಳಿಯಲೆಂದು ಅರ್ಧಕ್ಕೂ ಹೆಚ್ಚು ನೀರು ಬದಲಿಸಿ ಆರು ಪಟ್ಟೆಮೀನು ತಂದೆವು. ಬೇಸಿಗೆಯಾದ್ದರಿಂದ ಇಷ್ಟು ಬೇಗ ಆಯಿತು. ಮಾರ್ಗಶಿರ, ಪುಷ್ಯಮಾಸಗಳ ಚಳಿಯಲ್ಲಿ ಇದಕ್ಕಿಂತ ತಡವಾಗುತ್ತದೆ.

ಆ ಪಟ್ಟೆಮೀನನ್ನು ಈಗ ಅಂಗಡಿಯಲ್ಲಿ ಜೀಬ್ರಾ ಎನ್ನುತ್ತಾರೆ, ಆದರೆ ಅದು ಭಾರತದ್ದೇ ಮೀನು. ಶಾಸ್ತ್ರೀಯವಾಗಿ ಅದನ್ನು 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟೀಪುವಿನ ಪತನದ ಮೇಲೆ 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಊರೂರಿನ ಬೆಳೆ, ಕಸುಬು, ಜಾತಿ, ತೆರಿಗೆಗಳನ್ನು ಬರೆದಿಟ್ಟ ಬುಕಾನನ್ ಇದ್ದಾನಲ್ಲ, ಅವನೇ ಈತ. ಮುಂದೆ ಹೆಸರು ಬದಲಿಸಿಕೊಂಡ. ನಮ್ಮ ಇತಿಹಾಸದ ಅಭ್ಯಾಸಿಗಳು ಆಗಾಗ ತೆರೆಯುವ ಪುಸ್ತಕದ ಕರ್ತೃ ನಮ್ಮ ಪಡಸಾಲೆಯ ಮೀನಿಗೂ ಹೆಸರು ಕೊಟ್ಟವನೆಂದು ತಿಳಿದು ನನಗೆ ಬಹಳ ಸಂತೋಷವಾಯಿತು.

ನೆರೆಮನೆಯವರ ತೊಟ್ಟಿ ಅಷ್ಟರಲ್ಲಿ ಅಟ್ಟ ಸೇರಿತ್ತು. ಮೊಮ್ಮಗಳೇ ಹೋಗಿ ಅದನ್ನು ಇಳಿಸುವಂತೆ ಮಾಡಿದಳು. ಅವರು ಮೂವತ್ತೇಳು ದಿನ ಕಾಯಬೇಕಾಗಲಿಲ್ಲ. ಮಜ್ಜಿಗೆ ಮುಗಿದಾಗ ಹೆಪ್ಪಿಗೆಂದು ಬರುವ ಅದೇ ಸ್ಟೀಲಿನ ಡಬ್ಬಿಯನ್ನು ಹಿಡಿದು ಆ ತಾಯಿ ಬಂದರು. ನಮ್ಮ ಫಿಲ್ಟರಿನ ಸ್ಪಂಜಿನ ಮೂರನೆಯ ಒಂದು ಭಾಗವನ್ನು ಕತ್ತರಿಸಿ, ತೊಟ್ಟಿಯ ನೀರಿನಲ್ಲಿಯೇ ಮುಳುಗಿಸಿ ಕೊಟ್ಟೆವು. ನೋಡಲು ಕೊಳಕು ಕಂದು ಬಣ್ಣ. ತೊಳೆಯಬೇಡಿ ಎಂದು ಎರಡು ಸಲ ಹೇಳಬೇಕಾಯಿತು. ಅದು ಒಣಗುವ ಮುನ್ನ ಅವರ ಫಿಲ್ಟರಿಗೆ ಸೇರಿತು. ಹನ್ನೆರಡು ದಿನದಲ್ಲಿ ಅವರ ನೀರು ಹದಕ್ಕೆ ಬಂತು. ನಲ್ಲಿಯ ನೀರನ್ನೇ ಬಳಸಿದ್ದರು. ಈಗ ಅಲ್ಲಿ ಐದು ಮೀನುಗಳಿವೆ. ತೊಟ್ಟಿ ಮಾತ್ರ ಈಶಾನ್ಯದಲ್ಲೇ ಉಳಿದಿದೆ. ಆ ಬಗ್ಗೆ ನಾನೇನೂ ಹೇಳಲಿಲ್ಲ. ಅಲ್ಲಿ ಬಿಸಿಲು ನೇರವಾಗಿ ಬೀಳುವುದಿಲ್ಲವಾದ್ದರಿಂದ ಮೀನಿಗೂ ಅದು ಒಳ್ಳೆಯ ಸ್ಥಳವೇ.

ಮುಂಜಾನೆ ನಾನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡುವುದುಂಟು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ ಅದು. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಕವಿಗಳೂ ಅಲ್ಲಿ ತಿರುಗಾಡುತ್ತಿದ್ದವರು. ಸುತ್ತಲಿನ ವಸತಿಗಳ ಕೊಳಚೆ ಕೆರೆಗೆ ಸೇರಿ ನೀರು ಹಸುರುಗಟ್ಟುವುದನ್ನು ಮೈಸೂರಿನವರು ಕಂಡಿದ್ದೇವೆ. ಮೊದಲು ಆ ಹಸುರನ್ನು ಕೇವಲ ಹೊಲಸೆಂದು ನೋಡುತ್ತಿದ್ದೆ. ಈಗ ಅದರ ಲೆಕ್ಕವೂ ಕಾಣುತ್ತದೆ. ಕೊಳಚೆಯ ಅಮೋನಿಯಾ ನೈಟ್ರೇಟಾಗಿ, ಜೊತೆಗೆ ಬಂದ ರಂಜಕವೂ ಸೇರಿ ಪಾಚಿಗೆ ಗೊಬ್ಬರವಾಗುತ್ತದೆ. ಕೊಬ್ಬಿದ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗುತ್ತದೆ. ಕೆರೆಗೆ ಒಂದು ಅನುಕೂಲವುಂಟು: ತಳದ ಕೆಸರಿನಲ್ಲಿ, ಗಾಳಿ ತಾಗದ ಕಡೆ, ಬೇರೊಂದು ಬಗೆಯ ಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಮರಳಿ ಆಕಾಶಕ್ಕೆ ಬಿಡುತ್ತವೆ. ಚಕ್ರ ಪೂರ್ಣವಾಗುವುದು ಅಲ್ಲಿ. ಆದರೆ ಬರುವುದು ಮಿತಿ ಮೀರಿದರೆ ಕೆಸರೂ ಸೋಲುತ್ತದೆ. ಗಾಜಿನ ತೊಟ್ಟಿಯಲ್ಲಿ ಅಂಥ ಕೆಸರಿಲ್ಲವಾದ್ದರಿಂದ ಚಕ್ರದ ಆ ಕಡೆಯ ಭಾಗವನ್ನು ನಮ್ಮ ಕೈಗಳೇ ಮಾಡಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ತೆಗೆದು ಹೊಸದು ಹಾಕಬೇಕು.

ಹದಕ್ಕೆ ಬಂದ ನೀರೂ ಕೆಡುವುದುಂಟು. ಕೆಲಸದವರು ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ಸೋಪು ಹಚ್ಚಿ ಬೆಳ್ಳಗೆ ತೊಳೆದಿಟ್ಟರೆ ತಿಂಗಳ ದುಡಿಮೆ ಹೋದಂತೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದನ್ನು ಎರಡು ಸಲ ಹಿಂಡಿದರೆ ಸಾಕು. ಮೀನಿಗೆ ಕಾಯಿಲೆಯೆಂದು ಕೈಗೆ ಸಿಕ್ಕ ಔಷಧಿ ಸುರಿಯುವವರು ಈ ಜೀವಿಗಳನ್ನೂ ಕೊಲ್ಲುತ್ತಾರೆ. ಕರೆಂಟು ಬಹಳ ಹೊತ್ತು ಹೋದರೆ ಗಾಳಿಯಿಲ್ಲದೆ ಅವು ಸೊರಗುತ್ತವೆ. ಲೋಟದಿಂದ ನೀರು ತೆಗೆದು ಎತ್ತರದಿಂದ ಹೊಯ್ಯುತ್ತಿದ್ದರೆ, ಸ್ಪಂಜು ನೀರಿನೊಳಗೇ ಇದ್ದರೆ, ಹಲವು ಗಂಟೆ ಬದುಕಿಕೊಳ್ಳುತ್ತವೆ. ಈಗಾಗಲೇ ಮೀನು ಬಿಟ್ಟು ಸಂಕಟದಲ್ಲಿರುವವರು ತೊಟ್ಟಿಯನ್ನು ತೊಳೆಯದೆ, ದಿನವೂ ಮೂರನೆಯ ಒಂದು ಭಾಗ ನೀರನ್ನು ಬದಲಿಸಲಿ, ಆಹಾರವನ್ನು ಎರಡು ದಿನಕ್ಕೊಮ್ಮೆ ಚಿಟಿಕೆಗೆ ಇಳಿಸಲಿ. ನೈಟ್ರೈಟು ಏರಿದ್ದರೆ ಹತ್ತು ಲೀಟರಿಗೆ ಒಂದೆರಡು ಗ್ರಾಂ ಉಪ್ಪು ಹಾಕಲಿ. ಉಪ್ಪಿನ ಕ್ಲೋರ್ಯೈಡು ನೈಟ್ರೈಟು ಕಿವಿರಿನೊಳಗೆ ನುಗ್ಗುವುದನ್ನು ತಡೆಯುತ್ತದೆ. ಒಮ್ಮೆ ಎರಡೋ ಮೂರೋ ಮೀನು, ಹತ್ತು ದಿನ ಬಿಟ್ಟು ಇನ್ನೆರಡು. ಈ ಕ್ರಮವನ್ನು ಮೀರಬಾರದು. ಆಹಾರದ ವಿಷಯದಲ್ಲಂತೂ ಮಕ್ಕಳಿಗಿಂತ ಅಜ್ಜಿಯರ ಕೈ ಹಿಡಿಯುವುದು ಕಷ್ಟ. ನಮ್ಮ ಮನೆಯಲ್ಲಿ ಪಾಪದ ಪ್ರಶ್ನೆ ಕೇಳಿದಾಕೆಯೇ ಈಗ, ಪಾಪ ಹಸಿದಿವೆ ಎಂದು ಮಧ್ಯಾಹ್ನ ಮತ್ತೊಂದು ಚಿಟಿಕೆ ಹಾಕುತ್ತಾಳೆ. ಆಮೇಲೆ ಮೊಮ್ಮಗಳಿಂದ ಬೈಸಿಕೊಳ್ಳುತ್ತಾಳೆ.

ಭಾನುವಾರ ತೆಗೆದ ಹನ್ನೆರಡು ಲೀಟರು ನೀರು ಹಿತ್ತಲಿಗೆ ಹೋಗುತ್ತದೆ. ನೈಟ್ರೇಟಿರುವ ಆ ನೀರನ್ನು ಎರಡು ಬಕೆಟ್ಟುಗಳಲ್ಲಿ ಹೊತ್ತು ಒಂದನ್ನು ಕರಿಬೇವಿಗೆ, ಒಂದನ್ನು ಮಲ್ಲಿಗೆಗೆ ಹಾಕುತ್ತೇವೆ. ಕರಿಬೇವು ಈ ಮಳೆಗಾಲದಲ್ಲಿ ಗೋಡೆಯ ಎತ್ತರ ದಾಟಿತು.